ಮಂಡಳಿಯ ಮಾತೇ ಕೊನೆಯೆಂದ ಮೇಲೆ: ಭೂವ್ಯಾಜ್ಯಗಳ ಮೇಲೆ ಹೈಕೋರ್ಟಿನ ನಿಗಾ

1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಗೇಣಿಗೆ ಸಾಗುವಳಿಯಾಗುತ್ತಿದ್ದ ಜಮೀನುಗಳೆಲ್ಲ ಒಂದೇ ಏಟಿಗೆ ಸರ್ಕಾರಕ್ಕೆ ಸೇರಿದವು. 1961ರ ಭೂ ಸುಧಾರಣಾ ಕಾಯ್ದೆಗೆ ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ ಜಾರಿಗೆ ಬಂದ ದಿನ ಅದು. ಉಳುತ್ತಿದ್ದವರು ಫಾರಂ 7 ತುಂಬಿ ಅರ್ಜಿ ಹಾಕಬೇಕು. ತಾಲ್ಲೂಕಿನ ಭೂ ನ್ಯಾಯ ಮಂಡಳಿ ವಿಚಾರಣೆ ಮಾಡಿ ಅವರಿಗೆ ಅಧಿಭೋಗದ ಹಕ್ಕು ಕೊಡಬೇಕು, ಇಲ್ಲವೇ ಅರ್ಜಿ ವಜಾ ಮಾಡಬೇಕು. ಗಡುವನ್ನು ಮತ್ತೆ ಮತ್ತೆ ಮುಂದಕ್ಕೆ ಹಾಕಿ ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದಾಗ ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಸೇರಿದ್ದವು. ಮಂಡಳಿ ಕೊಟ್ಟ ಆದೇಶವೇ ಅಂತಿಮ ಎಂದು 48ಎ ಕಲಂ ಹೇಳಿತು. ಅಪೀಲಿಗೆ ಎಡೆಯಿರಲಿಲ್ಲ. ಸಿವಿಲ್ ಕೋರ್ಟಿನ ಬಾಗಿಲನ್ನು 132ನೇ ಕಲಂ ಮುಚ್ಚಿತ್ತು. ಕೋರ್ಟಿನಲ್ಲಿ ನಡೆಯುತ್ತಿದ್ದ ದಾವೆಯಲ್ಲಿ ಗೇಣಿಯ ಪ್ರಶ್ನೆ ಎದ್ದರೆ ದಾವೆಯನ್ನು ಅಲ್ಲಿಗೇ ತಡೆದು ಆ ಪ್ರಶ್ನೆಯನ್ನು ಮಂಡಳಿಗೆ ಕಳಿಸಬೇಕೆಂದು 133ನೇ ಕಲಂ ಅಪ್ಪಣೆ ಮಾಡಿತು.

ಹೀಗೆ ಒಂದು ಕುಟುಂಬದ ಅನ್ನದ ದಾರಿಯನ್ನು ಒಂದೇ ಸಿಟ್ಟಿಂಗಿನಲ್ಲಿ ತೀರ್ಮಾನಿಸುವ ಅಧಿಕಾರ, ಉಪವಿಭಾಗಾಧಿಕಾರಿ ಅಧ್ಯಕ್ಷರಾಗಿದ್ದ ಐದು ಜನರ ಮಂಡಳಿಗೆ ಬಂತು. ಉಳಿದ ನಾಲ್ವರು ಸರ್ಕಾರ ನಾಮಕರಣ ಮಾಡಿದವರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಿರಬೇಕೆಂಬ ನಿಯಮವಿತ್ತು. ಶತಮಾನಗಳ ಗೇಣಿ ವ್ಯವಸ್ಥೆಯನ್ನು ಕಿತ್ತುಹಾಕಲು ಹೊರಟ ಸರ್ಕಾರ ಇಷ್ಟು ಬಿರುಸಾದ ಸಾಧನ ಆರಿಸಿಕೊಂಡದ್ದನ್ನು ನಾನು ಮೆಚ್ಚುತ್ತೇನೆ. ಮುನ್ಸೀಫ್ ಕೋರ್ಟಿನಿಂದ ಹೈಕೋರ್ಟಿನವರೆಗಿನ ಹಳೆಯ ಮೆಟ್ಟಿಲುಗಳನ್ನೇ ನಂಬಿದ್ದರೆ ಗೇಣಿದಾರರ ಮೊಮ್ಮಕ್ಕಳಿಗೂ ಹಕ್ಕುಪತ್ರ ಸಿಗುತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ ಮೊದಲ ದಿನದಿಂದಲೇ ಇತ್ತು: ಮಂಡಳಿ ಎಡವಿದರೆ ಕೇಳುವವರು ಯಾರು?

ಉತ್ತರ, ಹೈಕೋರ್ಟಿಗೆ ರಿಟ್ ಹೊರಡಿಸುವ ಮತ್ತು ಮೇಲ್ವಿಚಾರಣೆ ನಡೆಸುವ ಅಧಿಕಾರ ಕೊಡುವ ಸಂವಿಧಾನದ 226 ಮತ್ತು 227ನೇ ವಿಧಿಗಳಲ್ಲಿತ್ತು. ನಮ್ಮ ವಕೀಲರ ಸಂಘದ ಈ ಸ್ಮರಣ ಸಂಚಿಕೆಗೆ ನಾನು ಆರಿಸಿಕೊಂಡ ವಿಷಯ ಅದೇ. ಜಮೀನಿನ ವ್ಯಾಜ್ಯದಲ್ಲಿ ಸತ್ಯಕ್ಕೆ ಹತ್ತಿರವಿರುವುದು ಊರಿಗೆ ಹತ್ತಿರದ ನ್ಯಾಯಪೀಠ. ಆ ಪೀಠ ತಾನು ಕಂಡದ್ದನ್ನೂ ಕೇಳಿದ್ದನ್ನೂ ತೀರ್ಮಾನಕ್ಕೆ ಕಾರಣವಾದದ್ದನ್ನೂ ಬರೆದಿಡುವಂತೆ ಮಾಡುವುದೇ ಮೇಲಿನ ಕೋರ್ಟು ಮಾಡಬಹುದಾದ ದೊಡ್ಡ ಕೆಲಸ. ಹೈಕೋರ್ಟು ಈ ಕೆಲಸವನ್ನು ಮಾಡಿದಾಗ ರೈತರಿಗೆ ಒಳಿತಾಗಿದೆ. ಅದನ್ನು ಮೀರಿ ಸಾಕ್ಷ್ಯವನ್ನೆಲ್ಲ ತಾನೇ ಮತ್ತೆ ತೂಗಲು ಹೋದಾಗ, ಅಥವಾ ಆದೇಶ ರದ್ದುಮಾಡಿ ವಾಪಸ್ ಕಳಿಸಿ ಸುಮ್ಮನಾದಾಗ, ಗೆದ್ದವರೂ ಸೋತವರೂ ಒಟ್ಟಿಗೆ ಬಳಲಿದ್ದಾರೆ.

ಹೈಕೋರ್ಟಿನ ಈ ಮೇಲ್ವಿಚಾರಣೆಯ ಅಧಿಕಾರದ ಬೇರು ಹಳೆಯದು. 1861ರ ಭಾರತೀಯ ಹೈಕೋರ್ಟುಗಳ ಕಾಯ್ದೆಯ 15ನೇ ಕಲಂ, ಕಲ್ಕತ್ತ, ಮದ್ರಾಸು, ಬೊಂಬಾಯಿಗಳ ಹೊಸ ಹೈಕೋರ್ಟುಗಳಿಗೆ ತಮ್ಮ ಅಪೀಲು ವ್ಯಾಪ್ತಿಯ ಕೋರ್ಟುಗಳ ಮೇಲೆಲ್ಲ ಮೇಲ್ವಿಚಾರಣೆಯ ಅಧಿಕಾರ ಕೊಟ್ಟಿತು. ಲೆಕ್ಕಪಟ್ಟಿ ತರಿಸಿಕೊಳ್ಳುವುದು, ಒಂದು ಕೋರ್ಟಿನ ದಾವೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದು, ನಡಾವಳಿಗೆ ನಿಯಮ ಮಾಡುವುದು, ನಮೂನೆಗಳನ್ನು ಗೊತ್ತುಪಡಿಸುವುದು ಎಲ್ಲವೂ ಅದರಲ್ಲಿ ಸೇರಿದ್ದವು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆ ಜೊತೆಯಾಗಿ ರಿವಿಜನ್ ಬಂತು: 1882ರ ಸಂಹಿತೆಯಲ್ಲಿ 622ನೇ ಕಲಂ, 1908ರದರಲ್ಲಿ 115ನೇ ಕಲಂ. ಅದರ ಎಲ್ಲೆಯನ್ನು ಪ್ರಿವಿ ಕೌನ್ಸಿಲ್ 1884ರಲ್ಲೇ ಗೊತ್ತುಮಾಡಿತು. ತೀರ್ಮಾನಿಸುವ ಅಧಿಕಾರ ಕೆಳ ಕೋರ್ಟಿಗೆ ಇದ್ದು, ಅದು ತೀರ್ಮಾನಿಸಿದ್ದರೆ, ಆ ತೀರ್ಮಾನ ತಪ್ಪು ಎಂಬ ಒಂದೇ ಕಾರಣಕ್ಕೆ ಹೈಕೋರ್ಟು ಕೈಹಾಕುವಂತಿಲ್ಲ ಎಂಬುದು ಅಮೀರ್ ಹಸನ್ ಖಾನ್ ಪ್ರಕರಣದ ಸಾರ. ಇಂದಿಗೂ ಯುವ ವಕೀಲರು ಮೊದಲು ಕಲಿಯಬೇಕಾದ ಪಾಠ ಇದು.

ಮೈಸೂರು ಸಂಸ್ಥಾನದ ದಾರಿ ಬೇರೆ. 1881ರಲ್ಲಿ ಅಧಿಕಾರ ಒಡೆಯರಿಗೆ ಮರಳಿದಾಗ ಜುಡಿಷಿಯಲ್ ಕಮಿಷನರ್ ಕೋರ್ಟು ಮೈಸೂರಿನ ಚೀಫ್ ಕೋರ್ಟು ಆಯಿತು. 1884ರ ರೆಗ್ಯುಲೇಷನ್ ಅದಕ್ಕೆ ಮೂವರು ನ್ಯಾಯಾಧೀಶರನ್ನು ಕೊಟ್ಟಿತು. ಅಪೀಲು, ರೆಫರೆನ್ಸ್, ರಿವಿಜನ್ ಮೂರಕ್ಕೂ ಅದೇ ಕೊನೆಯ ಕೋರ್ಟು. ಸಂಸ್ಥಾನದ ಎಲ್ಲ ಕೋರ್ಟುಗಳ ಮೇಲೂ ಅದರ ಹತೋಟಿ. 1930ರಲ್ಲಿ ಅದು ಹೈಕೋರ್ಟು ಎನಿಸಿತು. ಬೆಂಗಳೂರಿನ ಅಠಾರಾ ಕಛೇರಿಯ ಕೆಂಪು ಕಟ್ಟಡಕ್ಕೆ ತುಮಕೂರು, ಕೋಲಾರ, ಶಿವಮೊಗ್ಗದ ಮುನ್ಸೀಫರ ಕಡತಗಳು ಹೋಗುತ್ತಿದ್ದಾಗ, ಮಂಗಳೂರು, ಉಡುಪಿ, ಪುತ್ತೂರಿನ ಮೂಲಗೇಣಿ, ಚಾಲಗೇಣಿಯ ಜಗಳಗಳು ಮದ್ರಾಸಿಗೆ ಹೋಗುತ್ತಿದ್ದವು. ಧಾರವಾಡ, ಬೆಳಗಾವಿ, ವಿಜಾಪುರದವು ಬೊಂಬಾಯಿಗೆ, ಕಲಬುರಗಿ, ರಾಯಚೂರು, ಬೀದರಿನವು ಹೈದರಾಬಾದಿಗೆ.

ಬೊಂಬಾಯಿ ಭಾಗದ ಮಾಮಲೇದಾರರ ಕೋರ್ಟಿನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು, ಏಕೆಂದರೆ ಭೂ ನ್ಯಾಯ ಮಂಡಳಿಯ ಪೂರ್ವಜನ ಛಾಯೆ ಅದರಲ್ಲಿದೆ. 1906ರ ಮಾಮಲೇದಾರರ ಕೋರ್ಟುಗಳ ಕಾಯ್ದೆಯಂತೆ, ಹೊಲದಿಂದ ಹೊರದಬ್ಬಿಸಿಕೊಂಡ ರೈತ ಆರು ತಿಂಗಳೊಳಗೆ ಮಾಮಲೇದಾರರ ಮುಂದೆ ದಾವೆ ಹೂಡಿ ಜಮೀನಿನ ಕಬ್ಜಾ ವಾಪಸ್ ಪಡೆಯಬಹುದಿತ್ತು. ನೀರಿನ ಹಾದಿಗೆ ಅಡ್ಡ ಹಾಕಿದ್ದರೆ ಅದನ್ನು ತೆಗೆಸಬಹುದಿತ್ತು. ಒಡೆತನ ಯಾರದೆಂಬ ದೊಡ್ಡ ಪ್ರಶ್ನೆಯನ್ನು ಸಿವಿಲ್ ಕೋರ್ಟಿಗೆ ಬಿಟ್ಟು, ಈ ಹಂಗಾಮಿಗೆ ಬಿತ್ತುವವರು ಯಾರು ಎಂಬುದನ್ನಷ್ಟೇ ಬೇಗ ತೀರಿಸುವ ವ್ಯವಸ್ಥೆ ಅದು. ಅದಕ್ಕೂ ಅಪೀಲು ಇರಲಿಲ್ಲ. ಕಲೆಕ್ಟರು ಕಡತ ತರಿಸಿ ನೋಡಬಹುದಿತ್ತು. ಮಾಮಲೇದಾರರು ತಮ್ಮ ಎಲ್ಲೆ ದಾಟಿದರೆ ಬೊಂಬಾಯಿ ಹೈಕೋರ್ಟು ತನ್ನ ಅಸಾಧಾರಣ ಅಧಿಕಾರ ಬಳಸುತ್ತಿತ್ತು. ಹತ್ತಿರದ ಅಧಿಕಾರಿ ಬೇಗ ತೀರ್ಮಾನಿಸಲಿ, ದೂರದ ಕೋರ್ಟು ಅವರ ಎಲ್ಲೆಯನ್ನು ಕಾಯಲಿ ಎಂಬ ಏರ್ಪಾಡು ಉತ್ತರ ಕರ್ನಾಟಕಕ್ಕೆ 1974ರಲ್ಲಿ ಹೊಸದೇನೂ ಆಗಿರಲಿಲ್ಲ.

1935ರ ಭಾರತ ಸರ್ಕಾರದ ಕಾಯ್ದೆ ಹೈಕೋರ್ಟುಗಳ ಮೇಲ್ವಿಚಾರಣೆಯ ಅಧಿಕಾರವನ್ನು ಮೊಟಕುಮಾಡಿತು. ಅಪೀಲಿಗೋ ರಿವಿಜನ್‌ಗೋ ಒಳಪಡದ ತೀರ್ಪನ್ನು ಮೇಲ್ವಿಚಾರಣೆಯ ಹೆಸರಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು ಅದರ 224ನೇ ಕಲಂ ಹೇಳಿದ್ದರಿಂದ ಹೈಕೋರ್ಟಿಗೆ ಉಳಿದದ್ದು ಆಡಳಿತದ ಮೇಲ್ವಿಚಾರಣೆ ಮಾತ್ರ. ಸಂವಿಧಾನ ರಚಿಸಿದವರು 227ನೇ ವಿಧಿಯಲ್ಲಿ ಆ ಕಟ್ಟನ್ನು ಬಿಚ್ಚಿದರು. ಅಷ್ಟಕ್ಕೇ ನಿಲ್ಲದೆ ಕೋರ್ಟುಗಳ ಜೊತೆ ನ್ಯಾಯಮಂಡಳಿಗಳನ್ನೂ ಸೇರಿಸಿದರು. ಆ ಒಂದು ಪದದ ಸೇರ್ಪಡೆ ಇಲ್ಲದಿದ್ದರೆ ಕಾಲು ಶತಮಾನದ ನಂತರ ನಮ್ಮ ಗೇಣಿದಾರರ, ಜಮೀನುದಾರರ ಪಾಡು ಏನಾಗುತ್ತಿತ್ತೋ.

1956ರಲ್ಲಿ ರಾಜ್ಯ ಒಂದಾದಾಗ ಹೈಕೋರ್ಟಿನ ಮುಂದೆ ಬಂದದ್ದು ನಾಲ್ಕೈದು ಬಗೆಯ ಗೇಣಿ ಕಾನೂನು: ಬೊಂಬಾಯಿಯ 1948ರದು, ಹೈದರಾಬಾದಿನ 1950ರದು, ಮೈಸೂರಿನ 1952ರದು, ಮದ್ರಾಸಿನ 1955ರದು. ಬಿ.ಡಿ. ಜತ್ತಿ ಸಮಿತಿಯ ವರದಿಯ ಮೇಲೆ 1961ರ ಕಾಯ್ದೆ ರೂಪುಗೊಂಡು 1965ರ ಅಕ್ಟೋಬರ್ 2ರಂದು ಜಾರಿಗೆ ಬಂತು. ಕೆಳಗಿನ ಕೋರ್ಟುಗಳ ರಚನೆಯನ್ನು 1964ರ ಸಿವಿಲ್ ಕೋರ್ಟುಗಳ ಕಾಯ್ದೆ ಒಂದು ಅಚ್ಚಿಗೆ ತಂದಿತು. ಕಂದಾಯದ ಕಡೆ 1964ರ ಭೂ ಕಂದಾಯ ಕಾಯ್ದೆ ಬಂತು. ಇವೆಲ್ಲ ಕೂಡಿ ಹದಕ್ಕೆ ಬರುವ ಹೊತ್ತಿಗೆ 1974 ಬಂದು ಆಟವನ್ನೇ ಬದಲಿಸಿತು.

ಮಂಡಳಿಯ ಕಡತವನ್ನು ಕೈಯಲ್ಲಿ ಹಿಡಿದು ನೋಡದವರಿಗೆ ಹೈಕೋರ್ಟು ಮಾಡಿದ ಕೆಲಸದ ತೂಕ ತಿಳಿಯುವುದು ಕಷ್ಟ. ಮೇಲೆ ಫಾರಂ 7 ಇರುತ್ತದೆ. ಊರಿನ ಮೇಷ್ಟರೋ ಹಳೆಯ ಶಾನುಭೋಗರೋ ತುಂಬಿಕೊಟ್ಟದ್ದು; ಕೆಳಗೆ ಅರ್ಜಿದಾರನ ಎಡಗೈ ಹೆಬ್ಬೆರಳಿನ ಗುರುತು. ಸರ್ವೆ ನಂಬರು, ಹಿಸ್ಸಾ, ಎಕರೆ ಗುಂಟೆ, ಚಕ್ಕುಬಂದಿ, ಧಣಿಯ ಹೆಸರು, ಕೊಡುತ್ತಿದ್ದ ಗೇಣಿ. ಕರಾವಳಿಯ ಕಡತವಾದರೆ ಗೇಣಿಯ ಲೆಕ್ಕ ಅಕ್ಕಿ ಮುಡಿಯಲ್ಲಿ. ಅದರ ಹಿಂದೆ ಪಹಣಿಯ ನಕಲು: 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ನೇ ಕಾಲಂನಲ್ಲಿ ಸಾಗುವಳಿದಾರರ ಹೆಸರು. ಆಮೇಲೆ ನೋಟಿಸು ಜಾರಿಯಾದದ್ದಕ್ಕೆ ಷರಾ, ಒಂದೆರಡು ಪುಟದ ಹೇಳಿಕೆ. ಕೊನೆಗೆ ಆದೇಶ. ನಾನು ಓದಿದ ಎಷ್ಟೋ ಕಡತಗಳಲ್ಲಿ ಆ ಆದೇಶ ಮೂರು ನಾಲ್ಕು ಸಾಲು ಮೀರುವುದಿಲ್ಲ: ಉಭಯತ್ರರು ಹಾಜರ್, ಹೇಳಿಕೆ ಪಡೆಯಲಾಗಿದೆ, ಅರ್ಜಿ ಮಂಜೂರು ಎಂಬಷ್ಟೇ ಮಾತು. ಯಾಕೆ ಮಂಜೂರು ಎಂಬುದು ಇಲ್ಲ. ಸ್ಥಳ ತನಿಖೆ ಮಾಡಿದ್ದಾರೆಂದು ಹೇಳುತ್ತಾರೆ, ಆದರೆ ಮಹಜರು ಕಡತದಲ್ಲಿಲ್ಲ. ಕೆಲವು ಕಡೆ ಸದಸ್ಯರೊಬ್ಬರ ಸಹಿಯೇ ಇಲ್ಲ.

ಹೈಕೋರ್ಟು ಹಿಡಿದದ್ದು ಈ ಕೊರತೆಯನ್ನೇ. 1974ರ ಭೂ ಸುಧಾರಣಾ ನಿಯಮಗಳ 17ನೇ ನಿಯಮದ ಪ್ರಕಾರ ಮಂಡಳಿ ನಡೆಸಬೇಕಾದದ್ದು ಭೂ ಕಂದಾಯ ಕಾಯ್ದೆಯ 34ನೇ ಕಲಮಿನ ಸಂಕ್ಷಿಪ್ತ ವಿಚಾರಣೆ. ಸಂಕ್ಷಿಪ್ತ ಎಂದರೂ ಅದಕ್ಕೆ ಕಟ್ಟುಪಾಡು ಇದೆ. ವಿಚಾರಣೆ ನಡೆದಂತೆಲ್ಲ ಅಧ್ಯಕ್ಷತೆ ವಹಿಸಿದವರು ತಮ್ಮ ಕೈಯಾರೆ ಟಿಪ್ಪಣಿ ಬರೆಯಬೇಕು. ಎರಡೂ ಪಕ್ಷದವರ ಮುಖ್ಯ ಮಾತು, ಸಾಕ್ಷ್ಯದ ಮುಖ್ಯ ಭಾಗ, ತೀರ್ಮಾನ, ಅದರ ಕಾರಣ ಇವಿಷ್ಟೂ ಆ ಟಿಪ್ಪಣಿಯಲ್ಲಿರಬೇಕು. ರಿಟ್ ಅರ್ಜಿಯಲ್ಲಿ ಕಡತ ತರಿಸಿಕೊಂಡ ನ್ಯಾಯಮೂರ್ತಿಗಳು ಮೊದಲು ಹುಡುಕುತ್ತಿದ್ದದ್ದು ಈ ಟಿಪ್ಪಣಿಯನ್ನು. ಅದಿಲ್ಲದಿದ್ದರೆ ಆದೇಶ ರದ್ದು. ಜಮೀನುದಾರರಿಗೆ ನೋಟಿಸು ಮುಟ್ಟದಿದ್ದರೆ ರದ್ದು. ಎದುರು ಪಕ್ಷದವರಿಗೆ ಪಾಟಿ ಸವಾಲಿಗೆ ಅವಕಾಶ ಕೊಡದಿದ್ದರೆ ರದ್ದು. 1974ರ ಮಾರ್ಚ್ 1ಕ್ಕೆ ಹಿಂದಿನ ಪಹಣಿಯಲ್ಲಿ ಒಂದು ಹೆಸರಿದ್ದು ಮಂಡಳಿ ಇನ್ನೊಬ್ಬರಿಗೆ ಹಕ್ಕು ಕೊಟ್ಟಿದ್ದರೆ, ಆ ದಾಖಲೆಯನ್ನು ಯಾಕೆ ತಳ್ಳಿಹಾಕಿದಿರಿ ಎಂಬ ಪ್ರಶ್ನೆ.

ಇದನ್ನು ಜಮೀನುದಾರರ ಪರವಾದ ಕೆಲಸ ಎಂದು ಆ ಕಾಲದಲ್ಲಿ ಹಲವರು ದೂರಿದರು. ಆ ದೂರಿನಲ್ಲಿ ಒಂದಿಷ್ಟು ಸತ್ಯವಿದೆ. ಬೆಂಗಳೂರಿಗೆ ಹೋಗಿ ವಕೀಲರನ್ನಿಟ್ಟು ರಿಟ್ ಹಾಕುವ ಶಕ್ತಿ ಹೆಚ್ಚಾಗಿ ಇದ್ದದ್ದು ಜಮೀನುದಾರರಿಗೇ. ಆದರೆ ಕಡತಗಳು ಇನ್ನೊಂದನ್ನೂ ಹೇಳುತ್ತವೆ. ಊರಿನ ಬಲಾಢ್ಯರಿಗೆ ಅಂಜಿ ಮಂಡಳಿ ಅರ್ಜಿ ವಜಾ ಮಾಡಿದ ಗೇಣಿದಾರರೂ, ಗಂಡ ಸತ್ತ ಮೇಲೆ ಮೈದುನರ ಹೆಸರಿಗೆ ಹಕ್ಕು ಹೋದದ್ದನ್ನು ಕಂಡು ಕೋರ್ಟು ಕಟ್ಟೆ ಹತ್ತಿದ ವಿಧವೆಯರೂ ಅದೇ ಹೈಕೋರ್ಟಿಗೆ ಹೋದರು. ಒಟ್ಟು ಕುಟುಂಬದಲ್ಲಿ ಅಣ್ಣನೊಬ್ಬ ಫಾರಂ 7 ಹಾಕಿ ತನ್ನೊಬ್ಬನ ಹೆಸರಿಗೇ ಹಕ್ಕು ಪಡೆದ ಪ್ರಕರಣಗಳು ಎಷ್ಟೊಂದಿದ್ದವೆಂದರೆ, ಗೇಣಿ ಕುಟುಂಬದ್ದೋ ಒಬ್ಬನದೋ ಎಂದು ತೀರ್ಮಾನಿಸುವವರು ಯಾರೆಂಬ ಪ್ರಶ್ನೆ 1994ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅದೂ ಮಂಡಳಿಯದೇ ಕೆಲಸ ಎಂದು ಅಲ್ಲಿ ತೀರ್ಮಾನವಾಯಿತು. ಕಾರಣ ಬರೆಯಬೇಕೆಂಬ ನಿಯಮ ಯಾವ ವರ್ಗದ ಪರವೂ ಅಲ್ಲ. ಅದು ಇಲ್ಲದ ಕಡೆ ಸೋಲುವವರು ಹೆಚ್ಚಾಗಿ ಬಡವರೇ.

ಮಂಡಳಿಗಳ ಆರಂಭದ ವರ್ಷಗಳಲ್ಲೇ ಮೇಲ್ವಿಚಾರಣೆಯ ಅಧಿಕಾರಕ್ಕೇ ಕುತ್ತು ಬಂದಿತ್ತು. ತುರ್ತು ಪರಿಸ್ಥಿತಿಯಲ್ಲಿ ಆದ 1976ರ 42ನೇ ತಿದ್ದುಪಡಿ 227ನೇ ವಿಧಿಯಿಂದ ನ್ಯಾಯಮಂಡಳಿಗಳನ್ನು ಹೊರಗಿಟ್ಟಿತು, 226ನೇ ವಿಧಿಯ ಬಾಯನ್ನೂ ಕಿರಿದು ಮಾಡಿತು. ಭೂ ನ್ಯಾಯ ಮಂಡಳಿಗಳು ಭರಾಟೆಯಿಂದ ಆದೇಶ ಹೊರಡಿಸುತ್ತಿದ್ದ ವರ್ಷಗಳವು. 1978ರ 44ನೇ ತಿದ್ದುಪಡಿ ಹಳೆಯ ಸ್ಥಿತಿಯನ್ನು ಮರಳಿ ತಂದಿತು. ಈ ಎರಡೂ ವಿಧಿಗಳ ಅಧಿಕಾರ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು, ಅದನ್ನು ಯಾವ ಶಾಸನಸಭೆಯೂ ಕಿತ್ತುಕೊಳ್ಳಲಾಗದು ಎಂಬ ಮಾತು ಗಟ್ಟಿಯಾಗಲು 1997ರ ಎಲ್. ಚಂದ್ರಕುಮಾರ್ ತೀರ್ಪಿನವರೆಗೆ ಕಾಯಬೇಕಾಯಿತು.

ವಕೀಲರ ಸಂಘದ ಸಂಚಿಕೆಯಲ್ಲಿ ಬಿಡಬಾರದ ಸಂಗತಿ ಇನ್ನೊಂದಿದೆ. ಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು 48ನೇ ಕಲಮಿನ 8ನೇ ಉಪಕಲಂ ನಿಷೇಧಿಸಿತ್ತು. ಬಡ ರೈತನ ಎದುರು ಜಮೀನುದಾರರ ವಕೀಲರು ನಿಂತು ಅವನನ್ನು ಕಂಗೆಡಿಸಬಾರದೆಂಬ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ನಡೆದದ್ದೇನು? ಓದುಬಲ್ಲ ಜಮೀನುದಾರರು ತಮ್ಮ ಕೇಸನ್ನು ತಾವೇ ಹೇಳಿಕೊಂಡರು. ಓದುಬಾರದ ರೈತನಿಗೆ ಬಾಯಿಲ್ಲದಂತಾಯಿತು. 1987ರಲ್ಲಿ ಎಚ್.ಎಸ್. ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರ ಸುಧಾರಣೆಯನ್ನು ಎತ್ತಿಹಿಡಿಯಿತು, ಈ ನಿಷೇಧವನ್ನು ಮಾತ್ರ ವಕೀಲರ ಕಾಯ್ದೆಗೆ ವಿರುದ್ಧವೆಂದು ತಳ್ಳಿಹಾಕಿತು. ಅಷ್ಟು ಹೊತ್ತಿಗೆ ಬಹುಪಾಲು ಅರ್ಜಿಗಳು ತೀರ್ಮಾನವಾಗಿ ಹೋಗಿದ್ದವು. ಆ ತೀರ್ಪಿನ ಫಲ ಸಿಕ್ಕಿದ್ದು ವಾಪಸ್ ಬಂದ ಕಡತಗಳಿಗೆ.

ವಾಪಸ್ ಬಂದ ಆ ಕಡತಗಳದೇ ಒಂದು ಕಥೆ. ಹೈಕೋರ್ಟು ಆದೇಶ ರದ್ದುಮಾಡಿದ ಮೇಲೆ ಕಡತ ತಾಲ್ಲೂಕು ಕಚೇರಿಗೆ ಮರಳಬೇಕು. ಮಂಡಳಿ ಆಗ ಇರಬೇಕು. ಸರ್ಕಾರ ಬದಲಾದರೆ ನಾಮಕರಣ ಸದಸ್ಯರು ಬದಲಾಗುತ್ತಾರೆ, ಹೊಸಬರ ನೇಮಕ ಆಗುವವರೆಗೆ ಸಭೆಯಿಲ್ಲ. ಅಷ್ಟರಲ್ಲಿ ಅರ್ಜಿದಾರ ತೀರಿಕೊಂಡಿರುತ್ತಾನೆ. ಅವನ ವಾರಸುದಾರರನ್ನು ದಾಖಲಿಗೆ ತರಬೇಕು. ಧಣಿಯ ಮಕ್ಕಳು ಬೇರೆ ಬೇರೆ ಊರಲ್ಲಿರುತ್ತಾರೆ, ಅವರಿಗೆಲ್ಲ ನೋಟಿಸು. ಗೇಣಿ ಕೊಟ್ಟದ್ದನ್ನು ಕಣ್ಣಾರೆ ಕಂಡ ನೆರೆಹೊರೆಯ ಸಾಕ್ಷಿಗಳು ಒಬ್ಬೊಬ್ಬರಾಗಿ ಹೋಗಿರುತ್ತಾರೆ. ಎರಡನೇ ಸಲದ ಆದೇಶವೂ ಹೈಕೋರ್ಟಿನಲ್ಲಿ ನಿಲ್ಲದೆ ಮೂರನೇ ಸಲ ವಾಪಸ್ ಬಂದ ಕಡತಗಳನ್ನು ಕಂಡಿದ್ದೇನೆ. ಸರ್ಕಾರದಲ್ಲಿ ಜಮೀನು, ಪಹಣಿಯಲ್ಲಿ ಹಳೆಯ ಹೆಸರು, ಹೊಲದಲ್ಲಿ ಉಳುವ ಮೊಮ್ಮಗ. ಬ್ಯಾಂಕು ಸಾಲ ಕೊಡುವುದಿಲ್ಲ, ಭಾಗ ಮಾಡಿಕೊಳ್ಳಲಾಗುವುದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇಂಥ ಮನೆಗಳ ಮಟ್ಟಿಗೆ ಬರೀ ಗಾದೆಯಲ್ಲ. ನಮ್ಮ ಹೈಕೋರ್ಟಿನ ಬಗ್ಗೆ ನನಗಿರುವ ಗೌರವಕ್ಕೆ ಕುಂದಿಲ್ಲದೆ ಹೇಳುತ್ತೇನೆ: ಪಹಣಿ, ಗೇಣಿ ಚೀಟಿ, ಹೇಳಿಕೆ ಎಲ್ಲವೂ ಕಡತದಲ್ಲೇ ಇದ್ದು ಕೊರತೆ ಬರೀ ಬರವಣಿಗೆಯದಾಗಿದ್ದ ಎಷ್ಟೋ ಪ್ರಕರಣಗಳಲ್ಲಿ, ಇಂತಿಷ್ಟು ತಿಂಗಳೊಳಗೆ ಇಂಥ ಅಂಶದ ಮೇಲೆ ಮಾತ್ರ ತೀರ್ಮಾನಿಸಿ ಎಂದು ಕಟ್ಟಿಕೊಟ್ಟಿದ್ದರೆ ಒಂದು ತಲೆಮಾರಿನ ಅಲೆದಾಟ ತಪ್ಪುತ್ತಿತ್ತು.

ರಿಟ್ ಅರ್ಜಿಗಳ ಹೊರೆ ಸರ್ಕಾರದ ಕಣ್ಣಿಗೂ ಬಿತ್ತು. 1986ರ ತಿದ್ದುಪಡಿ ಜಿಲ್ಲಾ ಮಟ್ಟದಲ್ಲಿ ಭೂ ಸುಧಾರಣಾ ಮೇಲ್ಮನವಿ ಪ್ರಾಧಿಕಾರಗಳನ್ನು ತಂದಿತು. ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರು, ಜೊತೆಗೆ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ಸದಸ್ಯರು. ಹೈಕೋರ್ಟಿನಲ್ಲಿದ್ದ ರಿಟ್ ಅರ್ಜಿಗಳು ಅಪೀಲುಗಳಾಗಿ ಜಿಲ್ಲೆಗಳಿಗೆ ಬಂದವು. ಪ್ರಾಧಿಕಾರದ ಮೇಲೆ 121ಎ ಕಲಮಿನಡಿ ಹೈಕೋರ್ಟಿಗೆ ರಿವಿಜನ್ ಇತ್ತು. ಎಲ್.ಆರ್.ಆರ್.ಪಿ. ಎಂಬ ಅಕ್ಷರಗಳನ್ನು ಹೊತ್ತ ಆ ಕಾಲದ ಕಡತಗಳನ್ನು ಹಿರಿಯ ವಕೀಲರು ಇಂದಿಗೂ ನೆನೆಯುತ್ತಾರೆ. ನನ್ನ ಮಟ್ಟಿಗೆ ಈ ನಾಲ್ಕು ವರ್ಷಗಳು ಭೂ ಸುಧಾರಣೆಯ ನ್ಯಾಯದಾನದ ಒಳ್ಳೆಯ ಕಾಲ. ಮಂಡಳಿಯ ಆದೇಶದಲ್ಲಿ ಕಾರಣವಿಲ್ಲದಿದ್ದರೆ ಪ್ರಾಧಿಕಾರ ತಾನೇ ಸಾಕ್ಷ್ಯ ಪಡೆದು ಕಾರಣ ಕೊಟ್ಟು ತೀರ್ಮಾನಿಸಬಹುದಿತ್ತು. ಗೇಣಿದಾರ ಬೆಳಗಿನ ಬಸ್ಸಿಗೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಸಂಜೆಗೆ ಮನೆಗೆ ಮರಳಬಹುದಿತ್ತು. ಹೈಕೋರ್ಟಿಗೆ ಕಾನೂನಿನ ಪ್ರಶ್ನೆಯಷ್ಟೇ ಉಳಿಯುತ್ತಿತ್ತು. 1990ರಲ್ಲಿ ಈ ಪ್ರಾಧಿಕಾರಗಳನ್ನು ರದ್ದುಮಾಡಿದರು. ದಾರಿ ಮತ್ತೆ ರಿಟ್ ಅರ್ಜಿಗೇ ಬಂತು, ಇಂದಿಗೂ ಹಾಗೇ ಇದೆ.

ಸಿವಿಲ್ ಕೋರ್ಟುಗಳ ಕಡೆಗೆ ಬಂದರೆ, ಅಲ್ಲಿ ಎರಡು ಹಂತದಲ್ಲಿ ಹೈಕೋರ್ಟಿನ ಕೈ ಕಟ್ಟಿದಂತಾಯಿತು. 1976ರ ತಿದ್ದುಪಡಿಯಿಂದ ಎರಡನೇ ಅಪೀಲಿಗೆ ಕಾನೂನಿನ ಮಹತ್ವದ ಪ್ರಶ್ನೆ ಇರಲೇಬೇಕೆಂದಾಯಿತು. ಅದಕ್ಕೂ ಹಿಂದೆ, ವಾಸ್ತವಾಂಶದ ತೀರ್ಮಾನ ಎಷ್ಟೇ ಎದ್ದುಕಾಣುವಂತೆ ತಪ್ಪಿದ್ದರೂ ಎರಡನೇ ಅಪೀಲಿನಲ್ಲಿ ಮುಟ್ಟುವಂತಿಲ್ಲ ಎಂದು ಪ್ರಿವಿ ಕೌನ್ಸಿಲ್ 1890ರಲ್ಲೇ ಹೇಳಿತ್ತು. ಬದು ಎಲ್ಲಿತ್ತು, ಕಬ್ಜಾ ಯಾರದಿತ್ತು ಎಂಬುದು ಜಿಲ್ಲೆಯಲ್ಲೇ ಮುಗಿಯಬೇಕೆಂಬ ನಿಲುವು ಅದು. ಅದು ಸರಿಯೆಂದೇ ನನ್ನ ನಂಬಿಕೆ. ಕೆಳ ಕೋರ್ಟಿನಲ್ಲಿ ಸಾಕ್ಷಿ ಹೇಳುವುದು ಕನ್ನಡದಲ್ಲಿ, ಊರಿನ ಮಾತಿನಲ್ಲಿ. ಹುಣಸೆಮರದ ಪಕ್ಕದ ಕಾಲುದಾರಿ, ಕೆರೆಯ ಕೋಡಿಯ ಕೆಳಗಿನ ಗದ್ದೆ, ಮೂಡಲ ದಿಕ್ಕಿನ ಬೇಲಿ ಇವು ಇಂಗ್ಲಿಷ್ ಅನುವಾದದ ಟೈಪು ಪ್ರತಿಯಾಗಿ ಹೈಕೋರ್ಟು ತಲುಪುವಾಗ ಅರ್ಧ ಜೀವ ಕಳೆದುಕೊಂಡಿರುತ್ತವೆ. ಸಾಕ್ಷಿ ತಡವರಿಸಿದ್ದನ್ನು ಕಂಡವರು ಮುನ್ಸೀಫರು ಮಾತ್ರ.

ಎರಡನೆಯದು ರಿವಿಜನ್. 1999ರ ತಿದ್ದುಪಡಿ 2002ರ ಜುಲೈ 1ರಂದು ಜಾರಿಗೆ ಬಂದ ಮೇಲೆ, ಯಾವ ಆದೇಶ ಅರ್ಜಿದಾರರ ಪರವಾಗಿದ್ದರೆ ದಾವೆಯೇ ಮುಗಿಯುತ್ತಿತ್ತೋ ಅಂಥದರ ಮೇಲೆ ಮಾತ್ರ ರಿವಿಜನ್ ಎಂದಾಯಿತು. ದಾವೆಯ ನಡುವೆ ಬರುವ ಸಣ್ಣ ಆದೇಶಗಳು ಮೇಲೆ ಹೋಗುವುದು ನಿಲ್ಲಲಿ ಎಂಬುದು ಉದ್ದೇಶ. ಮರುವರ್ಷವೇ ಸೂರ್ಯದೇವ್ ರಾಯ್ ಪ್ರಕರಣ ಬಂತು. ಉತ್ತರ ಪ್ರದೇಶದ ಜಮೀನೊಂದರ ತಡೆಯಾಜ್ಞೆಯಿಂದ ಹುಟ್ಟಿದ ಕೇಸು. ಸಂಹಿತೆಯ ತಿದ್ದುಪಡಿಯಿಂದ ಸಂವಿಧಾನದ ಅಧಿಕಾರ ಕುಗ್ಗುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಪರಿಣಾಮವಾಗಿ ಸಿವಿಲ್ ರಿವಿಜನ್ ಅರ್ಜಿಗಳಾಗಿ ಹೋಗುತ್ತಿದ್ದವು ರಿಟ್ ಅರ್ಜಿಗಳಾಗಿ ಹೋಗತೊಡಗಿದವು. ನಮ್ಮ ಹೈಕೋರ್ಟಿನ ಕಾಸ್ ಲಿಸ್ಟಿನಲ್ಲಿ ಜಿಎಂ-ಸಿಪಿಸಿ ಎಂದು ನಮೂದಾಗುವ ಅರ್ಜಿಗಳ ಉದ್ದ ಸಾಲು ಹೀಗೆ ಬೆಳೆಯಿತು. ಅಳತೆಗೆ ಕಮಿಷನರ್ ನೇಮಿಸಲು ನಿರಾಕರಿಸಿದ್ದು, ವಾದಪತ್ರ ತಿದ್ದುಪಡಿಗೆ ಒಪ್ಪಿದ್ದು, ಛಾಪಾ ಶುಲ್ಕ ಕಡಿಮೆಯಿದ್ದ ಕ್ರಯದ ಕರಾರಿಗೆ ಹತ್ತು ಪಟ್ಟು ದಂಡ ಹಾಕಿದ್ದು, ಹೀಗೆ ಭೂವ್ಯಾಜ್ಯದ ಪ್ರತಿ ಹೆಜ್ಜೆಯೂ ಅದರಲ್ಲಿ ಸಿಗುತ್ತದೆ. 2015ರ ರಾಧೇಶ್ಯಾಮ್ ತೀರ್ಪು ಸಿವಿಲ್ ಕೋರ್ಟಿನ ಆದೇಶದ ಮೇಲೆ 226ನೇ ವಿಧಿಯ ರಿಟ್ ಸಲ್ಲದು, 227 ಮಾತ್ರ ದಾರಿ ಎಂದು ಸ್ಪಷ್ಟಪಡಿಸಿತು.

ಆ ದಾರಿಯಲ್ಲಿ ನಡೆಯಬೇಕಾದ ರೀತಿಯನ್ನು 1954ರಲ್ಲೇ ವರ್ಯಾಮ್ ಸಿಂಗ್ ಪ್ರಕರಣದಲ್ಲಿ ಹೇಳಿಯಾಗಿತ್ತು: ಅಧೀನ ಕೋರ್ಟುಗಳನ್ನು ಅವುಗಳ ಎಲ್ಲೆಯೊಳಗೆ ಇಡಲಿಕ್ಕಷ್ಟೇ ಈ ಅಧಿಕಾರ, ಬರೀ ತಪ್ಪು ತಿದ್ದಲಿಕ್ಕಲ್ಲ, ಅದನ್ನೂ ಬಲು ಅಪರೂಪಕ್ಕೆ ಬಳಸಬೇಕು. 2010ರ ಶಾಲಿನಿ ಶ್ಯಾಮ್ ಶೆಟ್ಟಿ ತೀರ್ಪು ಅದನ್ನೇ ಇನ್ನಷ್ಟು ಒತ್ತಿ ಹೇಳಿತು. ಆದರೂ ದಾವೆಯ ನಡುವೆ ಒಂದು ರಿಟ್ ಅರ್ಜಿ ಹಾಕಿ ಸ್ಟೇ ತಂದರೆ ಎದುರು ಪಕ್ಷವನ್ನು ಮೂರು ನಾಲ್ಕು ವರ್ಷ ಕಟ್ಟಿಹಾಕಬಹುದೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಇದರ ಹೊಣೆ ಕೋರ್ಟಿನದಷ್ಟೇ ಅಲ್ಲ, ಅರ್ಜಿ ಹಾಕಿಸುವ ನಮ್ಮ ವೃತ್ತಿಯದೂ ಹೌದು.

ಕಂದಾಯ ಅಧಿಕಾರಿಗಳ ಮುಂದಿನ ಕೇಸುಗಳಲ್ಲಿ 1978ರ ಪಿ.ಟಿ.ಸಿ.ಎಲ್. ಕಾಯ್ದೆಯದು ತೀರ ಸೂಕ್ಷ್ಮವಾದದ್ದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಪರಭಾರೆಯಾಗಿದ್ದರೆ ಅದನ್ನು ವಾಪಸ್ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಗೆ, ಅಪೀಲು ಜಿಲ್ಲಾಧಿಕಾರಿಗೆ, ಆಮೇಲೆ ಹೈಕೋರ್ಟು. 1984ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಮಾತ್ರ ನ್ಯಾಯಯುತ ಕಾಲಾವಧಿಯೊಳಗೆ ಅರ್ಜಿ ಬರಬೇಕೆಂದಿತು. ಆ ಮಾತಿನ ಆಧಾರದ ಮೇಲೆ ಹಳೆಯ ಅರ್ಜಿಗಳು ಒಂದರ ಹಿಂದೊಂದು ಬಿದ್ದುಹೋದವು. ಸಾಲಕ್ಕೋ ಬೆದರಿಕೆಗೋ ಜಮೀನು ಬಿಟ್ಟುಕೊಟ್ಟ ಕುಟುಂಬಕ್ಕೆ ತನಗೊಂದು ಹಕ್ಕಿದೆ ಎಂದು ತಿಳಿಯಲೇ ಒಂದು ತಲೆಮಾರು ಬೇಕಾಗುತ್ತದೆ. ತಡವಾಯಿತೆಂದು ಅವರನ್ನು ಹೊರಗೆ ಕಳಿಸುವುದು ನನಗೆ ಒಪ್ಪಿಗೆಯಾಗಿರಲಿಲ್ಲ. 2023ರಲ್ಲಿ ವಿಧಾನಮಂಡಲ ಕಾಯ್ದೆ ತಿದ್ದಿ ಕಾಲಮಿತಿ ಅಡ್ಡಬರದಂತೆ ಮಾಡಿತು.

ಆಡಳಿತದ ಮೇಲ್ವಿಚಾರಣೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 235ನೇ ವಿಧಿಯಂತೆ ಜಿಲ್ಲಾ ಮತ್ತು ಅಧೀನ ಕೋರ್ಟುಗಳ ಹತೋಟಿ ಹೈಕೋರ್ಟಿನದು. ಪ್ರತಿ ಜಿಲ್ಲೆಗೂ ಒಬ್ಬರು ಆಡಳಿತಾತ್ಮಕ ನ್ಯಾಯಮೂರ್ತಿ ಇರುತ್ತಾರೆ, ತಪಾಸಣೆ ನಡೆಯುತ್ತದೆ, ವಿಲೇವಾರಿಯ ಲೆಕ್ಕ ಹೋಗುತ್ತದೆ. ಜನರಿಗೆ ನೇರವಾಗಿ ತಟ್ಟಿದ ಬದಲಾವಣೆ ಎಂದರೆ 2008ರಲ್ಲಿ ಧಾರವಾಡ ಮತ್ತು ಕಲಬುರಗಿಯಲ್ಲಿ ಸಂಚಾರಿ ಪೀಠಗಳು ಬಂದದ್ದು, 2013ರಲ್ಲಿ ಅವು ಕಾಯಂ ಆದದ್ದು. ಬೀದರಿನ ರೈತ ರಿಟ್ ಅರ್ಜಿಗಾಗಿ ಬೆಂಗಳೂರಿನ ರೈಲು ಹತ್ತಬೇಕಾದ ಕಾಲ ಅಲ್ಲಿಗೆ ಮುಗಿಯಿತು.

ಮಂಡಳಿಗಳ ಹಳೆಯ ಕಡತಗಳು ಮಾತ್ರ ಇನ್ನೂ ತಾಲ್ಲೂಕು ಕಚೇರಿಗಳ ದಫ್ತರಿನಲ್ಲೇ ಇವೆ. ರಿಟ್ ಅರ್ಜಿಯಲ್ಲಿ ಹೈಕೋರ್ಟು ಮೂಲ ಕಡತ ತರಿಸಿ ಎಂದಾಗ ಸಿಗುವುದು ಕೆಲವೊಮ್ಮೆ ಅಂಚು ಉದುರಿದ ನಾಲ್ಕು ಹಾಳೆ, ಕೆಲವೊಮ್ಮೆ ಕಡತ ಲಭ್ಯವಿಲ್ಲವೆಂಬ ತಹಶೀಲ್ದಾರರ ಪತ್ರ. ಕಡತವಿಲ್ಲದೆ ಮೇಲ್ವಿಚಾರಣೆ ನಡೆಯುವುದಾದರೂ ಹೇಗೆ? ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಫಾರಂ 7ರ ಕಡತಗಳನ್ನು ಆ ಕೆಲಸದಲ್ಲಿ ಮೊದಲ ಸಾಲಿಗೆ ತರಬೇಕು; ಅರ್ಜಿ, ಹೇಳಿಕೆ, ಮಹಜರು, ಆದೇಶ, ಸದಸ್ಯರ ಸಹಿಯಿರುವ ಹಾಳೆ ಎಲ್ಲವೂ ಹಿಂದೆ ಮುಂದೆ ಎರಡೂ ಬದಿ ಸೇರಬೇಕು. ಪ್ರತಿ ತಾಲ್ಲೂಕಿನ ವಕೀಲರ ಸಂಘವೂ ತನ್ನ ತಹಶೀಲ್ದಾರರಿಗೆ ಈ ಮನವಿಯನ್ನು ಈ ವರ್ಷವೇ ಬರೆದುಕೊಡಬೇಕೆಂದು ಕೇಳಿಕೊಳ್ಳುತ್ತೇನೆ.